ಜ್ಯೂಸ್ ಬಾಟಲಿಯೂ ಗಿಣಿಯ ದನಿಯೂ

ಖಾಲಿ ಜ್ಯೂಸ್ ಬಾಟಲಿ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ತೊಳೆದಿಟ್ಟರೆ ಎಣ್ಣೆಗಾಯಿತು, ಫಿನಾಯಿಲಿಗಾಯಿತು. ಬೋರ್ಡು ಬರೆಯುವ ಪೇಂಟರ್ ಅಂಥದ್ದರಲ್ಲಿ ಬ್ರಷ್ ತೊಳೆಯುವ ಥಿನ್ನರ್ ತುಂಬಿಟ್ಟಿದ್ದ. ದೊಡ್ಡ ಡಬ್ಬಿಯಿಂದ ಬಗ್ಗಿಸಿದರೆ ಚೆಲ್ಲುತ್ತದಲ್ಲ! ಊರಿನ ಕರೆಂಟು ಕಂಬಗಳಿಗೆಲ್ಲ ‘ಅಪಾಯ’ ಎಂದು ಬರೆದವನು ಅವನೇ.

ಐದು ವರ್ಷದ ಮಗಳು ಅದನ್ನು ಕುಡಿದಳು. ಒಂದೇ ಗುಟುಕು.

ಅವಳನ್ನು ಎಲ್ಲರೂ ಕರೆಯುವುದು ಗಿಣಿ ಎಂದು. ಕುಕ್ಕರಿನ ಕೂಗು, ಅಪ್ಪನ ಸ್ಕೂಟರಿನ ಕೆಮ್ಮು, ಪಕ್ಕದ ಮನೆ ದೊಡ್ಡಮ್ಮನ ಗೊಣಗಾಟ, ಎಲ್ಲ ಅವಳ ಗಂಟಲಲ್ಲಿತ್ತು. ಈಗ ಆ ಗಂಟಲಲ್ಲಿ ಉಸಿರಾಟದ ನಳಿಗೆ. ಐಸಿಯುವಿನಲ್ಲಿ ಆರನೆಯ ದಿನ. ತಲೆಯ ಬಳಿ ಒಂದು ಯಂತ್ರ, ‘ಪೀಂ... ಪೀಂ...’

ಹಿಂದಿನ ದಿನ ಬಟ್ಟೆ ತರಲು ಪೇಂಟರ್ ಮನೆಗೆ ಹೋಗಿದ್ದ. ಸ್ಕೂಟರ್ ಎಂದಿನಂತೆ ಕೆಮ್ಮಿತು. ಒಳಗಿನಿಂದ ಮಾರುತ್ತರ ಬರಲಿಲ್ಲ. ಎರಡೇ ಕೋಣೆಯ ಮನೆ ಛತ್ರದಷ್ಟು ದೊಡ್ಡದಾಗಿ ಕಂಡಿತು.

“ಇವತ್ತು ಆಕ್ಸಿಜನ್ ಕಡಿಮೆ ಕೊಟ್ರೂ ಸಾಕಾಗ್ತಿದೆ,” ಎಂದರು ಸಿಸ್ಟರ್. “ಮಾತಾಡ್ಸಿ ಅಣ್ಣಾ. ಕೇಳಿಸ್ಕೊಳ್ತಾಳೆ.”

ಏನು ಮಾತಾಡುವುದು? ಪೇಂಟರ್ ಬಾಗಿ, ಅವಳ ಕಿವಿಯಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿದ. “ಗುರ್... ಗುರ್... ಟುಸ್!”

ಗಿಣಿಯ ಕಿರುಬೆರಳು ಅಲುಗಿತು.

ಹೊರಗೆ ಬೆಂಚಿನಲ್ಲಿ ಗಿಣಿಯ ಅಮ್ಮನ ಪಕ್ಕ ದೊಡ್ಡಮ್ಮ ಕೂತಿದ್ದರು. ಸಿಸ್ಟರ್ ಬಂದದ್ದೇ ತಡ, ದೊಡ್ಡಮ್ಮ ಶುರುಮಾಡಿದರು, “ನಾನೇ ಕಣಮ್ಮಾ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದು. ಇಲ್ದಿದ್ರೆ ವಿಷ ಹೊಟ್ಟೇಲೇ ನಿಲ್ತಿತ್ತು!”

“ದೊಡ್ಡಮ್ಮಾ, ಥಿನ್ನರ್ ಹೊಟ್ಟೇಲಿರೋದಕ್ಕಿಂತ ಶ್ವಾಸಕೋಶಕ್ಕೆ ಹೋದ್ರೆ ಗಂಡಾಂತರ. ವಾಂತಿ ಆಗುವಾಗ ಅದು ಮತ್ತೆ ಗಂಟಲಿಗೆ ಬಂದು ಉಸಿರಿನ ದಾರಿಗೆ ನುಗ್ಗತ್ತೆ.”

“ಹಂಗಾದ್ರೆ ಹಾಲು ಕುಡಿಸ್ಬೇಕಿತ್ತಾ?”

“ಹಾಲೂ ಬೇಡ, ನೀರೂ ಬೇಡ. ಆ ಬಾಟಲಿ ಎತ್ಕೊಂಡು ಸೀದಾ ಆಸ್ಪತ್ರೆಗೆ ಬರ್ಬೇಕು.”

ದೊಡ್ಡಮ್ಮ ತಮ್ಮ ಕೈಗಳನ್ನೇ ನೋಡಿಕೊಂಡರು. “ಎಪ್ಪತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳ್ದೆ. ನನ್ ಕೈಯಾರೆ...”

“ಬಾಟಲಿ ಇಟ್ಟವನು ನಾನು ದೊಡ್ಡಮ್ಮಾ,” ಎಂದ ಬಾಗಿಲಲ್ಲಿ ನಿಂತಿದ್ದ ಪೇಂಟರ್.

ಮಧ್ಯಾಹ್ನ ನಳಿಗೆ ತೆಗೆದರು. ಪೇಂಟರ್ ಮಂಚಕ್ಕೆ ಅಂಟಿ ನಿಂತ. ‘ಅಪ್ಪಾ’ ಅನ್ನದಿದ್ದರೂ ಚಿಂತೆಯಿಲ್ಲ, ಬೈದರೂ ಸರಿ, ಒಂದು ಸದ್ದು ಬಂದರೆ ಸಾಕಿತ್ತು. ಗಿಣಿ ಕಣ್ಣು ತೆರೆದು ಅವನನ್ನು ನೋಡಿದಳು. ಒಣಗಿದ ತುಟಿ ಅಲುಗಿತು.

“ಪೀಂ... ಪೀಂ...”

ಸಿಸ್ಟರ್ ಥಟ್ಟನೆ ಯಂತ್ರದ ಕಡೆ ತಿರುಗಿದರು. ಆಮೇಲೆ ನಕ್ಕರು. “ಯಂತ್ರಕ್ಕೆ ನೆಗಡಿ ಆಯ್ತೇನೋ ಅಂದ್ಕೊಂಡೆ!”

ಪೇಂಟರಿಗೆ ನಗಲು ಆಗಲಿಲ್ಲ. ಆ ಕಿರುಬೆರಳನ್ನು ಹಿಡಿದು ನೆಲದ ಮೇಲೇ ಕೂತುಬಿಟ್ಟ.

ಗಿಣಿ ಮನೆಗೆ ಬಂದ ದಿನವೇ ದೊಡ್ಡಮ್ಮ ಒಂದು ಜ್ಯೂಸ್ ಬಾಟಲಿ ಹಿಡಿದು ಬಂದರು. “ಇದ್ರಲ್ಲಿ ಫಿನಾಯಿಲ್ ಇದೆ. ಮೇಲೆ ಕೆಂಪಗೆ ‘ಅಪಾಯ’ ಅಂತ ಬರ್ದುಕೊಡಪ್ಪಾ.”

“ಬರೆದ್ರೆ ಯಾರು ಓದ್ತಾರೆ ದೊಡ್ಡಮ್ಮಾ? ಗಿಣಿಗಿನ್ನೂ ‘ಅ’ ಕೂಡ ಬರಲ್ಲ. ಅದ್ರ ಡಬ್ಬಿಗೇ ವಾಪಸ್ ಹಾಕಿ. ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿ.”

“ಬೀಗ ಹಾಕಿ, ಬೀಗ ಹಾಕಿ!” ಒಳಗಿನಿಂದ ಅಪ್ಪನದೇ ದನಿ ಬಂತು, ಸ್ವಲ್ಪ ಬಿರುಕು ಬಿಟ್ಟದ್ದು.

ಓದುತ್ತಿರುವವರೇ, ಈಗಲೇ ಎದ್ದು ನಿಮ್ಮ ಅಡುಗೆಮನೆ, ಬಚ್ಚಲು ನೋಡಿ ಬನ್ನಿ. ಥಿನ್ನರ್, ಸೀಮೆಎಣ್ಣೆ, ಫಿನಾಯಿಲ್ ಯಾವುದೂ ಕುಡಿಯುವ ಬಾಟಲಿಯಲ್ಲಿ ಇರಕೂಡದು. ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ನಿಮ್ಮ ಮನೆಯ ಗದ್ದಲ ಹೀಗೇ ಇರಲಿ. ಅದು ನಿಂತರೆ ಮನೆ ಎಷ್ಟು ದೊಡ್ಡದಾಗುತ್ತದೆಂದು ನಮ್ಮ ಪೇಂಟರನ್ನು ಕೇಳಿ.