ಬೆಟ್ಟದವನ ರಕ್ತ

ಇನ್ನೇನು ಬಿತ್ತು, ಗಾಜಿನ ನಳಿಗೆಯ ತುದಿಯಲ್ಲಿ ಕೆಂಪಗೆ ದಪ್ಪಗೆ ತೂಗಿ, ಬಿತ್ತು ಹನಿ, ಹಿಂದೆಯೇ ಇನ್ನೊಂದು ಊರುತ್ತಿದೆ, ಬೊನಾರಿಯಾ ಅದನ್ನೇ ನೋಡುತ್ತಾಳೆ, ಮಂಚದ ಮೇಲಿರುವ ಮೊಮ್ಮಗನ ಮುಖ ನೋಡಲು ಧೈರ್ಯವಿಲ್ಲ, ಮೊನ್ನೆ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದ ಅಂತಿಯೋಕೊ ಅರಿಶಿನ ಬಳಿದವನಂತೆ ಮಲಗಿದ್ದಾನೆ, ಬೆಳಿಗ್ಗೆ ಅವನ ಉಚ್ಚೆ ಕಪ್ಪು ದ್ರಾಕ್ಷಿಮದ್ಯದ ಬಣ್ಣಕ್ಕೆ ತಿರುಗಿತ್ತು, ಆಗಲೇ ಅವಳಿಗೆ ಗೊತ್ತಾಗಿತ್ತು — ಅವರೆಯಂಥ ಆ ಫಾವಾ ಕಾಯಿ. ಅಳಿಯ ಬಕೀಸಿಯೊ ತನ್ನ ಬೆಟ್ಟದ ಊರಿನಿಂದ ಬುಟ್ಟಿ ತುಂಬ ತಂದಿದ್ದ ಎಳೆ ಕಾಯಿ, ಜೊತೆಗೆ ಕುರಿಹಾಲಿನ ಚೀಸು, ನಮ್ಮ ಕಡೆ ಹಸೀದೇ ತಿನ್ನೋದು ಅತ್ತೆ, ಒಂದು ಬಾಯಿಗೆ ಹಾಕ್ಕೊಂಡು ನೋಡಿ, ಬೆಣ್ಣೆ ಇದ್ದಂಗಿದೆ, ಅವಳು ಬೇಡವೆಂದು ತಲೆಯಾಡಿಸಿದಳು, ಅಷ್ಟೇ, ಹುಡುಗ ಸಿಪ್ಪೆ ಸೀಳಿ ಕಾಳು ಬಾಯಿಗೆ ಎಸೆದುಕೊಳ್ಳುತ್ತಿದ್ದ, ನಗುತ್ತಿದ್ದ, ಅಜ್ಜೀ ನೋಡು ನೋಡು — ಕಸಿದುಕೊಳ್ಳಬೇಕಿತ್ತು, ಎಲ್ಲರಿಗೂ ಅದು ವಿಷವಾಗುವುದಿಲ್ಲವಲ್ಲ ಎಂದುಕೊಂಡಳು, ಹಾಳು ಮರ್ಯಾದೆ ಬಾಯಿ ಕಟ್ಟಿತು. ಕಾಯಿ ತಿಂದರೆ ಆಗದ ಮನೆ ಎಂದರೆ ಈ ಬಯಲಿನಲ್ಲಿ ಹೆಣ್ಣು ಕೇಳಿಕೊಂಡು ಬರುವವರು ಹೊಸಿಲಿನಿಂದಲೇ ಹಿಂದಿರುಗುತ್ತಾರೆ, ಮಗಳು ಪೆಪ್ಪೀನಾಳ ನಿಶ್ಚಯದ ದಿನ ಬೀಗರ ಮುಂದೆ ಬೊನಾರಿಯಾಳೇ ಹೇಳಿದ್ದಳು, ಫಾವಾ ನಮ್ಮಲ್ಲಿ ಬೆಳೆಯಲ್ಲ, ಮಣ್ಣು ಸರಿಯಿಲ್ಲ. ಮಣ್ಣಿಗೇನಾಗಿತ್ತು, ಚಿನ್ನದಂಥ ಮಣ್ಣು, ಅಣ್ಣ ಸಿಸಿನ್ನಿಯೊ ಕಾಯಿ ತಿಂದು ಹೀಗೇ ಹಳದಿಯಾಗಿ ಸತ್ತಾಗ ಅಪ್ಪ ಹೂಬಿಟ್ಟ ಗಿಡಗಳನ್ನೆಲ್ಲ ಬರಿಗೈಯಲ್ಲಿ ಕಿತ್ತುಹಾಕಿದ್ದ, ಅಂದಿನಿಂದ ಅವರ ಅಂಗಳಕ್ಕೆ ಫಾವಾ ಬಂದಿರಲಿಲ್ಲ.

ಹನಿ ಬಿತ್ತು. ಅಣ್ಣನಿಗೂ ಮುಂಚೆ ಜ್ವರ, ಜೌಗಿನ ಜ್ವರ, ಸಂಜೆಯಾದರೆ ಕಿಟಕಿಗೆ ಮುತ್ತುವ ಸೊಳ್ಳೆ, ಒಂದೇ ಕುರಿತೊಗಲಿನ ಕೆಳಗೆ ಮೂವರು ಅಕ್ಕತಂಗಿಯರ ಹಲ್ಲು ಕಟಕಟ, ಕ್ವಿನೈನ್ ಕಹಿ, ಅಕ್ಕ ಹೋದಳು, ಪುಟ್ಟಿ ಹೋದಳು, ಇವಳು ಮಾತ್ರ ನಡುಗಿ ನಡುಗಿ ಎದ್ದು ಕೂತು ರೊಟ್ಟಿ ಕೇಳಿದಳು, ಅಮ್ಮ ಅಳುತ್ತಲೇ ನಕ್ಕಳು, ಸಾವಿಗೂ ಬೇಡವಾದವಳು ಕಣೇ ನೀನು. ಪೆಪ್ಪೀನಾ ತೊಟ್ಟಿಲಲ್ಲಿದ್ದಾಗ ಡಿಡಿಟಿಯವರು ಬಂದು ಗೋಡೆಗೆಲ್ಲ ಔಷಧಿ ಹೊಡೆದರು, ಸೊಳ್ಳೆ ಹೋಯಿತು, ಜ್ವರ ಹೋಯಿತು, ರಕ್ತ ಎಲ್ಲಿಗೆ ಹೋಗುತ್ತದೆ. ಮೀಸೆ ಚಿಗುರದ ಡಾಕ್ಟರು ಇವತ್ತು ಪಕ್ಕ ಕೂತು ಹೇಳಿದ, ನೋಡಿ ಅಜ್ಜಿ, ನಿಮ್ಮ ಬಯಲಲ್ಲಿ ಅದೆಷ್ಟೋ ತಲೆಮಾರು ಆ ಜ್ವರ ಇತ್ತಲ್ಲ, ಇಂಥ ರಕ್ತ ಇದ್ದೋರನ್ನ ಅದು ಅಷ್ಟಾಗಿ ಕೊಲ್ಲಲಿಲ್ಲ, ಅವ್ರು ಉಳಿದ್ರು, ಮಕ್ಕಳು ಹೆತ್ರು, ಹಂಗೇ ತಾಯಂದಿರ ಕಡೆಯಿಂದ ಇಳ್ಕೊಂಡು ಬಂತು, ಆದ್ರೆ ಆ ರಕ್ತಕ್ಕೆ ಈ ಕಾಳು ಆಗಲ್ಲ, ಬೆಟ್ಟದ ಮೇಲೆ ಸೊಳ್ಳೆ ಕಮ್ಮಿ, ಅಲ್ಲಿಯವ್ರಿಗೆ ಈ ಕಾಟವೂ ಕಮ್ಮಿ. ಹಾಗಾದರೆ ತನ್ನನ್ನು ತೊಗಲಿನ ಕೆಳಗಿನಿಂದ ಎಬ್ಬಿಸಿದ್ದೂ ಇದೇ ರಕ್ತ, ಮಗುವನ್ನು ಮಲಗಿಸಿದ್ದೂ ಇದೇ, ಬೊನಾರಿಯಾ ತೋಳು ಚಾಚಿದ್ದಳು, ನಂದು ತಗೊಳ್ಳಪ್ಪಾ, ಎಷ್ಟು ಬೇಕೋ ಅಷ್ಟು — ನಿಮ್ಮದು ಬೇಡ ಅಜ್ಜಿ, ಅದ್ರಲ್ಲೂ ಅದೇ ಇರಬಹುದು, ಹುಡುಗನ ಅಪ್ಪಂದು ಹೊಂದುತ್ತೆ. ಅಪ್ಪನದು, ಮದುವೆಯ ದಿನ ಅವಳು ನೆರೆಯವರ ಕಿವಿಯಲ್ಲಿ, ಕುರಿನಾತ ಕಣ್ರೇ, ನೀರಿಗೆ ಹೆದರೋ ಜನ, ಎಂದು ನಕ್ಕಿದ್ದಳಲ್ಲ ಅವನದು, ಈಗ ಹನಿಹನಿಯಾಗಿ ಮೊಮ್ಮಗನೊಳಗೆ ಇಳಿಯುತ್ತಿದೆ.

ಅಳಿಯ ಗೋಡೆಗೊರಗಿ ಕೂತಿದ್ದಾನೆ, ಅಷ್ಟು ದೊಡ್ಡ ಆಳು, ಮೊಣಕೈ ಮಡಿಕೆಯಲ್ಲಿ ಹತ್ತಿಯುಂಡೆ ಒತ್ತಿಕೊಂಡು, ಕಾಯಿ ತಂದಿದ್ದು ನಾನೇ ಅತ್ತೆ, ನನ್ನ ಕೈಯಾರೆ, ಪೆಪ್ಪೀನಾ ನನ್ನ ಮುಖ ನೋಡ್ತಿಲ್ಲ, ನೋಡಬಾರದು ಬಿಡಿ. ತಾನು ಸುಮ್ಮನಿದ್ದರೆ ಸಾಕು, ತಪ್ಪು ಅವನ ಹೆಗಲ ಮೇಲೇ ಉಳಿಯುತ್ತದೆ, ಹುಡುಗನಿಗೆ ಏನಾದರೂ ಆದರೆ ಸಾಯುವವರೆಗೂ — ಛೀ, ಬಾಯಿ ತಾನಾಗಿ ಬಿಟ್ಟುಕೊಂಡಿತು, ಇಲ್ಲಿ ಕೇಳಪ್ಪಾ, ಅಣ್ಣನ ಕಥೆ, ಮಣ್ಣಿನ ಸುಳ್ಳು, ಬುಟ್ಟಿಯ ಮುಂದೆ ಮೂಕಿಯಾಗಿ ಕೂತದ್ದು, ಎಲ್ಲ. ಅವನು ನೆಲ ನೋಡಿದ, ರೇಗಲಿ, ನಾಲ್ಕು ಬೈಯಲಿ ಎಂದು ಅವಳು ಕಾದಳು. ಅವನು ತಗ್ಗಿದ ದನಿಯಲ್ಲಿ ಅಂದ, ಪೆಪ್ಪೀನಾಗೆ ಹೇಳ್ಬೇಡಿ ಅತ್ತೆ, ತೌರು ಅಂತ ಅವಳಿಗಿರೋದು ನೀವೊಬ್ರೇ, ನನ್ನ ಮೇಲೆ ರೇಗಿದ್ರೆ ರೇಗಲಿ, ನಾನು ತಡ್ಕೋತೀನಿ. ಅಯ್ಯೋ ಮಗನೇ, ಅವನ ಒರಟು ಕೈ ಹಿಡಿದಳು, ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಹೊರುವುದಿಲ್ಲ, ಹೊರಗೆ ಪೆಪ್ಪೀನಾಳ ಹೆಜ್ಜೆ, ನೀರಿನ ಪಾತ್ರೆ ತರುತ್ತಿದ್ದಾಳೆ, ಅಳಿಯ ಬೇಡವೆಂದು ಕಣ್ಣಲ್ಲೇ ಬೇಡುತ್ತಿದ್ದಾನೆ, ಬೊನಾರಿಯಾ ಎದ್ದು ನಿಲ್ಲುತ್ತಾಳೆ, ಮಗಳೇ, ಆ ಪಾತ್ರೆ ಕೆಳಗಿಡು, ಇವನದೇನೂ ತಪ್ಪಿಲ್ಲ, ನಂಗೆ ಗೊತ್ತಿತ್ತು, ಗೊತ್ತಿದ್ದೂ ನೋಡ್ತಾ ಕೂತಿದ್ದೆ — ಪಾತ್ರೆ ಇಟ್ಟ ಸದ್ದಿಲ್ಲ, ತಿರುಗಿ ನೋಡಲಾರಳು, ನೋಡುವುದು ಅದನ್ನೊಂದೇ, ನಳಿಗೆಯ ತುದಿಯಲ್ಲಿ ಕೆಂಪಗೆ, ದಪ್ಪಗೆ, ಬೀಳದೆ ತೂಗುತ್ತಿರುವ ಹನಿ