ಏಪ್ರಿಲ್ ಒಂದರ ಏಳು ಗಂಟೆ

ಹೋದ ವರ್ಷ ಏಪ್ರಿಲ್ ಒಂದರಂದು, ನಾವು ಹಾಲು ಕರೆದು ಕುಡಿಯುವ ಕುದುರೆಗಳು ಇನ್ನೂ ಮರಿಯೇ ಹಾಕದ ಕಾಲದಲ್ಲಿ, 'ಶಾಲೆಯಲ್ಲಿ ಕುದುರೆ ಹಾಲು ಹಂಚುತ್ತಾರೆ' ಎಂದು ಊರನ್ನೆಲ್ಲ ಬಕೆಟ್ ಹಿಡಿಸಿ ನಿಲ್ಲಿಸಿದವನು ನಾನೇ, ಈ ತುರ್ದಾಕುನ್ ಮೇಷ್ಟ್ರು. ಮಾಡಿದ್ದುಣ್ಣೋ ಮಹರಾಯ. ಈ ವರ್ಷ, ಅಂದರೆ ೧೯೮೧ರಲ್ಲಿ, ಅದೇ ಏಪ್ರಿಲ್ ಒಂದಕ್ಕೆ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಬೇಕೆಂದು ಸರ್ಕಾರದ ಕಾಗದ ಬಂತು. ಬೆಟ್ಟಗಳ ನಡುವಿನ ನಮ್ಮ ನಾರಿನ್ ಕಣಿವೆಗೆ ರೇಡಿಯೊ ಸಿಗದು. ಊರಿಗೆ ಹೇಳಬೇಕಾದವನು ನಾನೊಬ್ಬನೇ.

ಹಿಂದಿನ ದಿನ ತರಗತಿಯಲ್ಲಿ ದೀಪ ಹಚ್ಚಿದೆ. ಸೇಬೊಂದಕ್ಕೆ ಮೊಳೆ ಚುಚ್ಚಿ, ಅದೇ ನಮ್ಮೂರು ಎಂದೆ. ಸೇಬನ್ನು ದೀಪದತ್ತ ವಾಲಿಸಿ ತಿರುಗಿಸಿದರೆ ಮೊಳೆ ಬಹಳ ಹೊತ್ತು ಬೆಳಕಿನಲ್ಲೇ ಇರುತ್ತಿತ್ತು.

"ಬೇಸಿಗೇಲಿ ಹೀಗೆ ನೋಡ್ರೋ. ಸೂರ್ಯ ಐದಕ್ಕೇ ಎದ್ದಿರ್ತಾನೆ, ನಾವು ಗೊರಕೆ ಹೊಡೀತಿರ್ತೀವಿ. ಸಂಜೆ ಕತ್ಲಾಯ್ತು ಅಂತ ಕರೆಂಟು ಉರಿಸ್ತೀವಿ. ಗಡಿಯಾರ ಮುಂದಿಟ್ರೆ ನಾವೂ ಒಂದ್ ಗಂಟೆ ಬೇಗ ಏಳ್ತೀವಿ, ಆ ಬೆಳಕು ಸಂಜೆಗೆ ಸಿಗುತ್ತೆ."

"ಬಕೆಟ್ ತರೋದಾ ಮೇಷ್ಟ್ರೇ?" ಎಂದ ಹಿಂದಿನ ಬೆಂಚಿನವನೊಬ್ಬ. ತರಗತಿ ಬಿದ್ದು ಬಿದ್ದು ನಕ್ಕಿತು.

ಬುರ್ಮಾಕನ್ ಒಬ್ಬಳೇ ನಗಲಿಲ್ಲ. ಮರುದಿನ ಪಟ್ಟಣದಲ್ಲಿ ಅವಳಿಗೆ ಗಣಿತದ ಸ್ಪರ್ಧೆ. ಇರುವುದು ಬೆಳಗಿನ ಏಳರ ಬಸ್ಸೊಂದೇ, ಅದು ಹೊಸ ಏಳಕ್ಕೆ, ಅಂದರೆ ಹಳೆಯ ಆರಕ್ಕೇ, ಹೊರಡುತ್ತದೆ. ಹಳೆಯ ಏಳಕ್ಕೆ ಬಂದರೆ ಬಸ್ಸಿನ ಧೂಳೂ ಸಿಗದು. ಹೊಳೆಯಾಚೆಯಿಂದ ಅವಳನ್ನು ಕುದುರೆ ಮೇಲೆ ಕರೆತರಬೇಕಾದವಳು ಅಜ್ಜಿ ಸೈರಾ.

"ನಂಗರ್ಥ ಆಯ್ತು. ಆದ್ರೆ ಅಜ್ಜಿ ನಂಬ್ಬೇಕಲ್ಲ? ನಿಮ್ ಹೆಸ್ರೆತ್ತಿದ್ರೇ ಉರಿದ್ ಬೀಳ್ತಾಳೆ," ಎಂದಳು. ಸೇಬನ್ನು ಇಸಿದುಕೊಂಡು ಓಡಿದಳು.

ಬೆಳಿಗ್ಗೆ ಹೊಸ ಏಳು ಗಂಟೆ. ಬಸ್ಸು ಬಂದಿದೆ, ಹುಡುಗಿ ಇಲ್ಲ. ನಾನು ಅದರ ಬಾಗಿಲು ಹಿಡಿದು ನಿಂತೆ.

"ಎರಡೇ ನಿಮಿಷ ಅಣ್ಣ."

"ಟೈಮಾಯ್ತು ಮೇಷ್ಟ್ರೇ, ಕೈ ತೆಗೀರಿ," ಎಂದು ಪಟ್ಟಣದ ಆ ಡ್ರೈವರ್ ಇಂಜಿನ್ ಶುರು ಮಾಡಿದ.

ಆಗ ಹೊಳೆಯ ಕಡೆಯಿಂದ ಕುದುರೆ ಓಡಿಬಂತು. ಮುಂದೆ ಸೈರಾ ಅಜ್ಜಿ, ಹಿಂದೆ ಬುರ್ಮಾಕನ್, ಅವಳ ತೋಳಿನಲ್ಲಿ ಮುಚ್ಚಳ ಬಿಗಿದ ಒಂದು ಬಕೆಟ್. ನನಗೆ ಕುಣಿಯುವಷ್ಟು ಖುಷಿಯಾಯಿತು. ಹುಡುಗಿ ಬಕೆಟ್ಟನ್ನು ನನ್ನ ಕೈಗಿತ್ತು ಬಸ್ಸಿಗೆ ಹಾರಿದಳು.

"ಕೊನೆಗೂ ನಂಬಿದ್ರಾ ಅಜ್ಜಿ?"

"ನಿನ್ನನ್ಯಾವನೋ ನಂಬ್ತಾನೆ? ಈ ಪೋರಿ ನಿನ್ನೆ ಸಂಜೆಯೆಲ್ಲ ದೀಪದ್ ಮುಂದೆ ಸೇಬು ತಿರುಗಿಸಿ ತಿರುಗಿಸಿ ನನ್ ಮುದಿ ತಲೆಗೂ ತುಂಬಿಸಿದ್ಲು. ಅವಳನ್ನ ನಂಬ್ದೆ."

"ಮತ್ತೆ ಈ ಬಕೆಟ್ಟು?"

"ಮಜ್ಜಿಗೆ. ಬಸ್ ಇಲ್ದಿದ್ರೆ ನಿನ್ ತಲೆ ಮೇಲೆ ಸುರೀತಿದ್ದೆ. ಬಸ್ಸಿದೆ, ಕುಡಿ."

ಹೊರಟ ಬಸ್ಸಿನ ಕಿಟಕಿಯಿಂದ ಬುರ್ಮಾಕನ್ ಮೊಳೆ ಚುಚ್ಚಿದ ಸೇಬನ್ನು ಎತ್ತಿ ತೋರಿಸಿದಳು. ನಾನು ಬಕೆಟ್ಟಿಗೇ ಬಾಯಿಟ್ಟೆ.