ಬಣ್ಣ ಬದಲಾದ ಗುಳಿಗೆ

ಸವಣೂರಿನ ವೀಳ್ಯದೆಲೆ ಬಳ್ಳಿ ತೋಟದವರ ಕಣ್ಣು ಮೊದಲು ನೋಡುವುದು ಬಣ್ಣವನ್ನು. ಎಲೆಯ ಬಣ್ಣ ಬೇರೆಯಾದರೆ ಜಾತಿ ಬೇರೆ, ಕಟ್ಟೂ ಬೇರೆ. ಬೆರೆಸಿದವರಿಗೆ ಬೈಗುಳವೇ ಗತಿ. ಫರ್ಹತ ಮದುವೆಯಾಗಿ ಬಂದಾಗಿನಿಂದ ಎಲೆ ಆರಿಸಿದವಳು. ಆ ಪಳಗಿದ ಕಣ್ಣೇ ಅವಳಿಗೆ ಮೋಸ ಮಾಡಿತು.

ಮಗ ಅಸದನಿಗೆ ಹದಿನಾಲ್ಕು. ಹೋದ ವರ್ಷ ಕೈ ತೊಳೆಯುವ ಗೀಳು ಹಿಡಿಯಿತು. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಕುಳಿತವನು ಏಳುತ್ತಲೇ ಇರಲಿಲ್ಲ. ಬೆರಳು ಬಿರಿದು ರಕ್ತ ಬಂದರೂ "ಇನ್ನೂ ಹೊಲಸೈತಿ" ಎನ್ನುತ್ತಿದ್ದ. ಶಾಲೆ ನಿಂತಿತು. ಸರಕಾರಿ ದವಾಖಾನೆಯ ಮನೋವೈದ್ಯೆ ಡಾಕ್ಟರ್ ಶೀಲಾ ಅವನನ್ನು ಮತ್ತೆ ಮತ್ತೆ ಕರೆಸಿ ಮಾತಾಡಿಸಿದರು. ಜೊತೆಗೆ ದಿನಕ್ಕೊಂದು ಗುಳಿಗೆ ಬರೆದರು. ನಿಧಾನವಾಗಿ ಬೆರಳು ಮಾಯ್ದವು, ಹುಡುಗ ಶಾಲೆಯ ಚೀಲ ಹೆಗಲಿಗೇರಿಸಿದ.

ಈ ತಿಂಗಳು ಗುಳಿಗೆ ತಂದವನು ಗಂಡ ನಿಯಾಜ. ಎಲೆಯ ಲೋಡು ಹೊರಡುವ ಅವಸರದಲ್ಲಿ, ಔಷಧಿ ಕೊಡುವ ಕಿಟಕಿಯಲ್ಲಿ ಹೇಳಿದ್ದನ್ನು ಅರ್ಧ ಕೇಳಿ ಬಂದಿದ್ದ. ಹಳೆಯವು ಹಸಿರು, ಒಂದಷ್ಟು ಉಳಿದಿದ್ದವು. ಹೊಸವು ಗುಲಾಬಿ. ಫರ್ಹತ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದಳು. ಗುಳಿಗೆ ಶೀಟಿನ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬಾರದು. ಬಣ್ಣ ಬೇರೆ, ಅಂದಮೇಲೆ ಔಷಧಿಯೂ ಬೇರೆ. ಎರಡನ್ನೂ ಕೊಡತೊಡಗಿದಳು.

ಕೆಲವೇ ದಿನಗಳಲ್ಲಿ ಅಸದನ ನಿದ್ದೆ ಹಾರಿತು. ಕೈ ನಡುಗಿತು, ಹೊಟ್ಟೆ ತೊಳಸಿತು. ಕುಂತಲ್ಲಿ ಕೂರಲಾರ.

"ನಾ ಮದ್ಲ ಹೇಳಿದ್ನಿ," ಎಂದಳು ಅತ್ತೆ ಹಾಜರಾಬಿ, ಎಲೆಗೆ ಸುಣ್ಣ ಸವರುತ್ತ. "ಹುಚ್ಚರ ಗುಳಿಗಿ ಕೂಸಿಗೆ ಬ್ಯಾಡ ಅಂತ. ಎಲ್ಲಾ ಒಗದ ಬಿಡು."

"ಒಗದ್ರ ಮತ್ತ ಬಚ್ಚಲದಾಗ ಕುಂದರ್ತಾನಲ್ಲ ಅತ್ತಿ?"

"ಹಂಗಾರ ಕೊಡು."

"ಕೊಟ್ರ ಹಿಂಗ ನಡಗತಾನ."

"ಮತ್ತ ನನ್ನ ಯಾಕ ಕೇಳ್ತಿ?"

ಫರ್ಹತಳಿಗೆ ಏನೂ ತಿಳಿಯದಾಯಿತು. ಮಗನನ್ನು ಕಾಡುತ್ತಿರುವುದು ರೋಗವೋ, ಗುಳಿಗೆಯೋ, ತಾನೋ? ಪಕ್ಕದ ಮನೆಯ ಆಶಾ ಕಾರ್ಯಕರ್ತೆ ನೂರಜಹಾನಳ ಬಾಗಿಲಿಗೆ ಹೋದಳು.

"ಆಪಾ, ಬಿಡ್ಲ್ಯೋ ಕೊಡ್ಲ್ಯೋ?"

"ನನಗೂ ಗೊತ್ತಿಲ್ಲವಾ. ಗೊತ್ತಿಲ್ಲದ್ದನ್ನ ನಾ ಹೇಳಂಗಿಲ್ಲ, ನೀನೂ ಮಾಡಬ್ಯಾಡ. ಎರಡೂ ಶೀಟ ಚೀಲದಾಗ ಹಾಕ್ಕೊ. ಈಗ ದವಾಖಾನಿಗೆ ಹೋಗೂಣು, ಹುಡುಗನ್ನ ಕರ್ಕೋ."

"ಇವತ್ತ ಸಂತಿ ಐತಿ..."

"ಸಂತಿ ಮುಂದಿನ ವಾರಾನೂ ಬರ್ತೈತಿ."

ಡಾಕ್ಟರ್ ಶೀಲಾ ಹುಡುಗನ ನಾಡಿ, ಬಿಪಿ ನೋಡಿದರು. ಆಮೇಲೆ ಎರಡೂ ಶೀಟುಗಳನ್ನು ಮಗುಚಿ ಹಿಂದಿನ ಅಕ್ಷರ ತೋರಿಸಿದರು.

"ಔಷಧಿ ಒಂದ ಐತ್ರಿ. ಮಾಡಿದ ಕಂಪನಿ ಬ್ಯಾರೆ, ಅದಕ್ಕ ಬಣ್ಣ ಬ್ಯಾರೆ. ನೀವು ಡಬಲ್ ಕೊಟ್ಟೀರಿ. ಬೇಗ ಬಂದದ್ದು ಚಲೋ ಆತು. ನಾಳಿಂದ ಮೊದಲಿನಂಗ ಒಂದ ಕೊಡ್ರಿ. ಅಂಜಿ ಪೂರಾ ಬಿಟ್ರ ಗೀಳು ತಿರುಗಿ ಬರಬಹುದು." ಬಳಿಕ ಹುಡುಗನತ್ತ ತಿರುಗಿದರು. "ಅಸದ, ನೀ ಏನ ತಿಳಕೊಂಡಿದ್ದಿ?"

ಅವನು ನೆಲ ನೋಡಿದ. "ಎರಡರ ಮ್ಯಾಲೂ ಒಂದ ಹೆಸರಿತ್ರಿ. ಓದಿದ್ನಿ. ನನ್ನ ರೋಗ ಜಾಸ್ತಿ ಆಗೇತಿ, ಮನ್ಯಾಗ ಮುಚ್ಚಿಡಾಕತ್ತಾರ, ಅದಕ್ಕ ಎರಡೆರಡು ಕೊಡಾಕತ್ತಾರ ಅಂತ ತಿಳಕೊಂಡಿದ್ನಿ."

ಫರ್ಹತ ಮಗನತ್ತ ತಿರುಗಿದಳು. ಅತ್ತೆಯನ್ನು ಕೇಳಿದ್ದಳು, ನೆರೆಯವಳನ್ನು ಕೇಳಿದ್ದಳು. ನುಂಗುವವನನ್ನೇ ಕೇಳಿರಲಿಲ್ಲ.

ಮರುದಿನ ಅವಳು ಶೀಟನ್ನು ಮಗನ ಕೈಗೇ ಕೊಟ್ಟಳು. ಅವನು ಹೆಸರು ಗಟ್ಟಿಯಾಗಿ ಓದಿ ಒಂದೇ ಒಂದು ಗುಳಿಗೆ ನುಂಗಿದ. ಅದನ್ನು ನೋಡಿದ ಹಾಜರಾಬಿ ತನ್ನ ಬಟ್ಟೆಯ ಚೀಲ ಬಿಚ್ಚಿದಳು.

"ನನ್ನ ಬಿಪಿ ಗುಳಿಗೀನೂ ಓದಪಾ. ಇದರದೂ ಬಣ್ಣ ಬದಲಾಗೇತಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗು ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಬಣ್ಣ ನಂಬಬೇಡಿ, ಶೀಟಿನ ಮೇಲಿನ ಹೆಸರು ಮತ್ತು ಪ್ರಮಾಣ ನೋಡಿ. ಓದಲು ಬಾರದಿದ್ದರೆ ಔಷಧಿ ಕೊಡುವವರನ್ನೇ ಕೇಳಿ. ಡಾಕ್ಟರರನ್ನು ಕೇಳದೆ ಹೆಚ್ಚಿಸಬೇಡಿ, ನಿಲ್ಲಿಸಬೇಡಿ. ಮಗು ಚಡಪಡಿಸಿದರೆ, ನಿದ್ದೆಗೆಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ. ಗುಳಿಗೆ ಯಾಕೆಂದು ಮಗುವಿಗೂ ಹೇಳಿ. ಅದು ಮನಸ್ಸಿನಲ್ಲಿ ಏನು ಅಂದುಕೊಂಡಿದೆಯೋ, ಇವತ್ತೇ ಕೇಳಿ.